ಹಲಗೆಯ ಆ ತುದಿ

ಮಗಳು ಹೆಣ್ಣು ಕೂಸು ಹಡೆದಳೆಂದು ದವಾಖಾನೆಯಿಂದ ಅಳಿಯ ಫೋನ್ ಮಾಡಿದಾಗ ನಾನು ಬಾತುಕೋಳಿಗಳಿಗೆ ತೌಡು ಕಲಸುತ್ತಿದ್ದೆ. ತೌಡಿನ ಕೈಯಲ್ಲೇ ಫೋನ್ ಹಿಡಿದೆ, ಅದೇ ಕೈಯಿಂದ ಕಣ್ಣೊರೆಸಿಕೊಂಡೆ. ಒಂಬತ್ತು ವರ್ಷ ಕಾದ ಕೂಸು! ಹೇಳೋಣವೆಂದರೆ ಹತ್ತಿರ ಯಾರೂ ಇರಲಿಲ್ಲ, ಬಾತುಕೋಳಿಗಳಿಗೇ ಹೇಳಿದೆ. ಅವು ತೌಡಿನ ಬುಟ್ಟಿ ನೋಡಿದವು. ನಾನು ನಾಲ್ಕನೇ ಇಯತ್ತೆ ಕಲಿತವಳು, ಎಷ್ಟು ಬರೆದರೂ ಆ ಹೊತ್ತಿನ ಸಂತೋಷ ಬರಹಕ್ಕೆ ಸಿಗುವುದಿಲ್ಲ.

ಚೊಚ್ಚಲ ಕೂಸಿಗೆ ತೊಟ್ಟಿಲು ತವರಿನದು. ಅದಕ್ಕೆ ಬೇಕಾದ ಹಲಗೆ ಮನೆಯಲ್ಲೇ ಇದ್ದವು. ಆದರೆ ಎರಡು ವರ್ಷದಿಂದ ಅವನ್ನು ಮುಟ್ಟಲು ನಾನು ಯಾರನ್ನೂ ಬಿಟ್ಟಿರಲಿಲ್ಲ.

ನಮ್ಮ ಯಜಮಾನರು ಪುಣೆಗೆ ಬಂದ ಹೊಸದರಲ್ಲಿ ಕಟ್ಟಿಗೆ ಅಡ್ಡೆಯಲ್ಲಿ ಹಮಾಲಿ ಮಾಡಿದವರು. ಮುಂದೆ ಊರ ಹೊರಗೆ ಈ ತುಂಡು ಹೊಲ ಹಿಡಿದೆವು. ಬಾತುಕೋಳಿಯ ತತ್ತಿ ನನ್ನ ಪಾಲು, ಕಟ್ಟಿಗೆ ಅವರ ಪಾಲು. ನಾನು ತತ್ತಿ ಬುಟ್ಟಿ ಹಿಡಿದು ಮಾರ್ಕೆಟ್ ಯಾರ್ಡಿನ ಕಡೆ ಹೋದರೆ, ಅವರು ಮಷೀನಿನಲ್ಲಿ ಮರ ಕೊಯ್ಯುತ್ತಿದ್ದರು. ಬದುವಿನ ಬೇವಿನ ಮರ ಗಾಳಿಗೆ ಬಿದ್ದಾಗ, "ಮಗಳ ತೊಟ್ಟಿಲಕ್ಕ ಇದs ಇರ್ಲಿ" ಎಂದು ಅದನ್ನೂ ಕೊಯ್ದರು. ಹಸಿ ಹಲಗೆ ಒಂದಕ್ಕೊಂದು ತಾಗಿಸಿಟ್ಟರೆ ಬೂಷ್ಟು ಹಿಡಿಯುತ್ತದೆ. ನಡುವೆ ಸಣ್ಣ ಪಟ್ಟಿ ಇಟ್ಟು ಗಾಳಿಯಾಡಲು ಬಿಡಬೇಕು. ಬಾತುಕೋಳಿ ಶೆಡ್ಡಿನ ಗೋಡೆಯಿಂದ ಒಬ್ಬರು ನಿಲ್ಲುವಷ್ಟು ಸಂದಿ ಬಿಟ್ಟು ಇಬ್ಬರೂ ಒಟ್ಟಿದೆವು. ಗೋಡೆ ಕಡೆಯ ತುದಿ ಅವರದು, ಈ ಕಡೆಯ ತುದಿ ನನ್ನದು.

ಕಡೆಯ ಹಲಗೆ ಎತ್ತುವಾಗ ಅವರ ತುದಿ ನಡುಗಿತು.

"ಯಾಕ್ರೀ, ಮುಂಜಾನಿ ರೊಟ್ಟಿ ಸಾಲಲಿಲ್ಲೇನು?" ಎಂದೆ.

"ನೀ ಹಾಕಿದ್ದು ರೊಟ್ಟಿ ಏನs? ಹಪ್ಪಳ ಅದು" ಎಂದು ನಕ್ಕರು. ಹಲಗೆ ಇಟ್ಟು ಗೋಡೆಗೊರಗಿ ಕುಳಿತರು. ನನಗೆ ಬಾತುಕೋಳಿ ಒಳಗೆ ಹೊಡೆಯುವ ಅವಸರ. ಅವರ ಮುಖ ನೋಡಲಿಲ್ಲ.

ಅದೇ ವಾರ ಹೋದರು. ಎದೆಯ ಬೇನೆ ಮೊದಲೇ ಇದ್ದಿರಬೇಕು ಎಂದರು ಡಾಕ್ಟರು.

ಆಮೇಲೆ ಆ ಒಟ್ಟಿಲು ಹಾಗೇ ಉಳಿಯಿತು. ಅದರ ಹಿಂದಿನ ಸಂದಿಯಲ್ಲಿ ಬಾತುಕೋಳಿಗಳು ತತ್ತಿ ಇಟ್ಟರೆ ಕೈಚಾಚಿ ತೆಗೆಯುತ್ತಿದ್ದೆ, ಹಲಗೆ ಮಾತ್ರ ಅಲುಗಿಸುತ್ತಿರಲಿಲ್ಲ. ಈಗಲೂ, ಕೆಲಸದಿಂದ ಬಂದ ಮಗನಿಗೆ, ಕೂಸಿಗೆ ಪೇಟೆಯಿಂದಲೇ ತೊಟ್ಟಿಲು ತರೋಣ ಎಂದೆ.

ಅವನು ಒಟ್ಟಿಲ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ. "ಯವ್ವಾ, ಅಪ್ಪ ಇವನ್ನ ಒಣಗಾಕ ಇಟ್ಟಾನ, ಪೂಜಾ ಮಾಡಾಕ ಅಲ್ಲ."

ಸೆರಗು ಬಿಗಿದು ಕಟ್ಟಿದೆ. "ಮ್ಯಾಲಿಂದು ನಾ ಹಿಡೀತೀನಿ" ಎಂದು ಗೋಡೆ ಕಡೆ ಹೋಗಿ, ಅವರು ನಿಂತಲ್ಲಿ ನಿಂತೆ. ಎತ್ತಿದರೆ, ಹಲಗೆ ಒಣಗಿ ಹಗುರಾಗಿತ್ತು. ಅವತ್ತೂ ಇಷ್ಟೇ ಹಗುರಿದ್ದಿದ್ದರೆ! ಅಲ್ಲೇ ಕುಳಿತು ಅತ್ತೆ. ಮಗನೂ ತನ್ನ ತುದಿ ಇಳಿಸಿ ಪಕ್ಕಕ್ಕೆ ಬಂದು ಕುಳಿತ. ಬಾತುಕೋಳಿಗಳು ನಮ್ಮಿಬ್ಬರನ್ನೂ ಸುತ್ತು ಹಾಕಿದವು.

ಆ ಹಲಗೆಗಳಿಂದಲೇ ಬಡಿಗ ತೊಟ್ಟಿಲು ಮಾಡಿಕೊಟ್ಟ. ಹದಿಮೂರನೆಯ ದಿನ ನಮ್ಮ ಅಂಗಳದಲ್ಲೇ ಹೆಸರಿಡುವುದು. ತೊಟ್ಟಿಲ ಆಚೆ ಈಚೆ ಇಬ್ಬರು ನಿಂತು ಕೂಸನ್ನು ಕೆಳಗಿನಿಂದ ದಾಟಿಸಿ ಮೇಲಿನಿಂದ ತರುವುದು ಪದ್ಧತಿ. ಗಂಡ ಹೋದವಳೆಂದು ನಾನು ಗುಗ್ಗರಿ ತಾಟು ಹಿಡಿದು ಬಾಗಿಲಲ್ಲೇ ನಿಂತಿದ್ದೆ.

"ಯವ್ವಾ, ಆ ಕಡೆ ನೀ ನಿಂದ್ರು" ಎಂದಳು ಮಗಳು.

"ನಾ ಬ್ಯಾಡವಾ, ಮುತ್ತೈದೇರು ಅದಾರ."

ಪುಣೆಯ ಇನ್ನೊಂದು ಕಡೆಯ ವಾಕಡದಿಂದ ಬಂದಿದ್ದ ಅವಳ ಅತ್ತೆ, ನಮ್ಮ ಬೀಗತಿ, ಆಗಲೇ ಕೂಸನ್ನು ಹಿಡಿದು ಬಗ್ಗಿದ್ದರು. "ಬರ್ರಿ ಬೀಗರ, ಲಗೂನ ಬರ್ರಿ! ಎಷ್ಟೊತ್ತು ಬಗ್ಗಿಸ್ತೀರಿ ನನ್ನ?"

ತಾಟು ಇಟ್ಟು ಓಡಿದೆ. ಬೇವಿನ ಹಲಗೆಯ ಕೆಳಗಿನಿಂದ ಕೂಸು ನನ್ನ ಕೈಗೆ ಬಂತು, ಬೆಚ್ಚಗೆ, ಆಗಷ್ಟೇ ಇಟ್ಟ ತತ್ತಿಯ ಹಾಗೆ. ಬೀಗತಿಯ ಕೈ ನಡುಗುತ್ತಿತ್ತು. ಈ ಸಲ ಮುಖ ನೋಡಿದೆ.

"ಹೆಸರು ಆಮ್ಯಾಲಿರ್ಲಿ" ಎಂದೆ. "ಮೊದಲ ಇವರಿಗೆ ಕುರ್ಚಿ ತರ್ರಿ, ನೀರು ಕೊಡ್ರಿ."