ಮಗಳ ಬೇಸ್‌ಬಾಲ್ ನೋಡಲು ಮಂಗಳೂರಿಗೆ

ಹಾಸನದಲ್ಲಿ ಹಗಲು ರೈಲು ಹತ್ತಿದಾಗ ನನ್ನ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ನನ್ನ ಬಟ್ಟೆ, ಇನ್ನೊಂದರಲ್ಲಿ ಮಗಳಿಗೆಂದು ನನ್ನ ಹೆಂಡತಿ ಸುಜಾತ ಕಟ್ಟಿಕೊಟ್ಟ ಕೋಡುಬಳೆ, ಚಕ್ಕುಲಿ, ರವೆ ಉಂಡೆ. "ಅವಳು ತಿನ್ನದಿದ್ರೆ ವಾಪಸ್ ತರಬೇಡಿ, ಅಲ್ಲೇ ಯಾರಿಗಾದ್ರೂ ಕೊಟ್ಟು ಬನ್ನಿ" ಎಂದಿದ್ದಳು. ಪಾತ್ರೆ ಅಂಗಡಿಗೆ ಐದು ದಿನ ಬೀಗ ಹಾಕಿ ಹೊರಟದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ನಮ್ಮ ಸಿಂಧು ಭಾರತದ ಮಹಿಳಾ ಬೇಸ್‌ಬಾಲ್ ತಂಡದಲ್ಲಿದ್ದಾಳೆ. ಹೀಗೆಂದರೆ ನಮ್ಮ ಬೀದಿಯಲ್ಲಿ ಅರ್ಧ ಜನ "ಬ್ಯಾಸ್ಕೆಟ್‌ಬಾಲಾ?" ಎನ್ನುತ್ತಾರೆ. ಮೊದಲು ಕ್ರಿಕೆಟ್ ಆಡುತ್ತಿದ್ದವಳು ಮೂರು ವರ್ಷದ ಹಿಂದೆ ಇದಕ್ಕೆ ಬಂದಳು. ಕಳೆದ ವರ್ಷ ಹೊರದೇಶದಲ್ಲಿ ನಡೆದ ಒಂದು ಪಂದ್ಯದಲ್ಲಿ ಅವಳು ಹೊಡೆದ ಚೆಂಡು ಕಾಲ ಹತ್ತಿರವೇ ಉರುಳಿತು. ಕ್ರಿಕೆಟ್‌ನಲ್ಲಿ ಅಂಥ ಚೆಂಡಿಗೆ ಓಡಲೇಬೇಕೆಂದಿಲ್ಲ. ತಡೆದು ಸುಮ್ಮನೆ ನಿಲ್ಲಬಹುದು. ಬೇಸ್‌ಬಾಲ್‌ನಲ್ಲಿ ಗೆರೆಯೊಳಗೆ ಹೊಡೆದ ಮೇಲೆ ಓಡಲೇಬೇಕು. ಇವಳು ಹಳೇ ಅಭ್ಯಾಸಕ್ಕೆ ನಿಂತುಬಿಟ್ಟಳು, ತಂಡ ಸೋತಿತು. ಮನೆಗೆ ಬಂದವಳು ಸರಿಯಾಗಿ ಊಟ ಮಾಡಲಿಲ್ಲ, ನಗಲಿಲ್ಲ. "ಮಂಗಳೂರಲ್ಲೂ ಹಾಗೆ ಮಾಡಿದ್ರೆ ಇನ್ನು ಬ್ಯಾಟ್ ಮುಟ್ಟಲ್ಲ ಕಣಪ್ಪ" ಎಂದು ಹೇಳಿ ಹೋಗಿದ್ದಳು. ಅವಳು ಹೇಳಿದರೆ ಹೇಳಿದ ಹಾಗೆಯೇ. ಅದೇ ನನ್ನ ಹೆದರಿಕೆ.

ಘಾಟಿ ಇಳಿಯುವಾಗ ಎಲ್ಲರೂ ಕಿಟಕಿಗೆ ಮುಗಿಬಿದ್ದರು. ನಾನು ಜಾಗ ಬಿಟ್ಟುಕೊಟ್ಟು ಕಣ್ಣು ಮುಚ್ಚಿದೆ. ಸಂಜೆ ಜಂಕ್ಷನ್‌ನಲ್ಲಿ ಇಳಿದಾಗ ಸೆಕೆ ಎಂದರೆ ಸೆಕೆ, ಅಂಗಿ ಬೆನ್ನಿಗೆ ಅಂಟಿಕೊಂಡಿತು. ಪಡೀಲ್ ದಾಟಿ ಕದ್ರಿಯ ಹತ್ತಿರದ ಲಾಡ್ಜ್ ಸೇರುವ ಹೊತ್ತಿಗೆ ಹಸಿವಿನಿಂದ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಸಾರು ಸಿಕ್ಕಿತು. ಖಾರಕ್ಕೆ ಮೂಗು ಸೋರಿದರೂ ಎರಡನೇ ಸಲ ಬಡಿಸಿಕೊಂಡೆ.

ನಾಲ್ಕು ದೇಶಗಳ ಪಂದ್ಯಾವಳಿ ಒಂದು ಕಾಲೇಜಿನ ಮೈದಾನದಲ್ಲಿತ್ತು. ನಾವು, ನೇಪಾಳ, ಶ್ರೀಲಂಕಾ, ಥಾಯ್ಲೆಂಡ್. ಮೊದಲ ಎರಡು ದಿನ ಸಿಂಧು ಬೆಂಚಿನ ಮೇಲೆಯೇ ಕೂತಳು. ನಾನು ಹನ್ನೆರಡು ಗಂಟೆಯ ಬಿಸಿಲಿನಲ್ಲಿ ತಲೆಗೆ ಟವೆಲ್ ಹಾಕಿಕೊಂಡು ಆಟ ಕಲಿತೆ. ಹೊಡೆದವಳು ಮೈದಾನದ ಮೂರು ಮೂಲೆ ಮುಟ್ಟಿ, ಹೊರಟ ಜಾಗಕ್ಕೇ ವಾಪಸ್ ಒಳಗೆ ಬಂದರೆ ಒಂದು ರನ್. ಅಲ್ಯೂಮಿನಿಯಂ ಬ್ಯಾಟಿಗೆ ಚೆಂಡು ಬಿದ್ದಾಗಲೆಲ್ಲ ಅಂಗಡಿಯಲ್ಲಿ ಡಬರಿ ಬಿದ್ದ ಹಾಗೆ ಸದ್ದಾಗಿ ಬೆಚ್ಚುತ್ತಿದ್ದೆ.

ಪಕ್ಕದಲ್ಲಿ ಕೂರುತ್ತಿದ್ದವರು ಹಮೀದ್ ಎಂಬ, ಕರಾವಳಿಯ ಬ್ಯಾರಿ ಸಮುದಾಯದ ವ್ಯಾಪಾರಿ. ಆಟಗಾರರಿಗೆ ನೀರಿನ ಬಾಟಲಿ ಒದಗಿಸಲು ಬಂದವರು ಆಟ ನೋಡುತ್ತ ಉಳಿದುಬಿಟ್ಟಿದ್ದರು. "ಇದರಲ್ಲಿ ಎಂತ ಉಂಟು, ಮೂರು ಸಲ ಬೀಸಿ ಮೂರು ಸಲ ತಪ್ಪಿದ್ರೆ ಔಟು. ನಮ್ಮ ಕ್ರಿಕೆಟ್‌ನಷ್ಟು ಕಷ್ಟ ಇಲ್ಲ ಮಾರಾಯ್ರೇ" ಎಂದು ನನಗೆ ಪಾಠ ಮಾಡಿದರು. ನಾನೂ ತಲೆಯಾಡಿಸಿದೆ. ಇಬ್ಬರಿಗೂ ಪೂರ್ತಿ ಗೊತ್ತಿರಲಿಲ್ಲ ಎಂಬುದು ಫೈನಲ್ ದಿನ ತಿಳಿಯಿತು.

ಎರಡನೇ ದಿನ ಸಂಜೆ ಸಿಂಧು ಹತ್ತು ನಿಮಿಷ ಸಿಕ್ಕಳು. ಚೀಲ ಕೊಟ್ಟೆ. ಒಂದು ಕೋಡುಬಳೆ ಮುರಿದು ಅರ್ಧ ತಿಂದು, ಉಳಿದರ್ಧ ವಾಪಸ್ ಹಾಕಿದಳು.

"ನಾಳೆ ಫೈನಲ್ಲು, ನಿನ್ನ ಇಳಿಸ್ತಾರಾ?" ಎಂದೆ.

"ಇಳಿಸದಿದ್ರೇ ಒಳ್ಳೇದು" ಎಂದಳು.

ಫೈನಲ್ ಶ್ರೀಲಂಕಾದ ಮೇಲೆ. ಕೊನೆಯ ಸರದಿಯ ಹೊತ್ತಿಗೆ ಎರಡೂ ತಂಡ ಸಮ ಸಮ. ನಮ್ಮವರ ಬ್ಯಾಟಿಂಗ್, ಆಗಲೇ ಇಬ್ಬರು ಔಟು. ಮೂರನೇ ಮೂಲೆಯಲ್ಲಿ ನಮ್ಮ ಹುಡುಗಿಯೊಬ್ಬಳು ಕಾದು ನಿಂತಿದ್ದಳು. ಅವಳು ಒಳಗೆ ಬಂದರೆ ಕಪ್ ನಮ್ಮದು. ಆಗ ಕೋಚು ಬೆಂಚಿನ ಕಡೆ ಕೈ ಮಾಡಿದರು, ಸಿಂಧು ಎದ್ದಳು. ಅವಳೇ ನನ್ನ ಮಗಳೆಂದು ಹಮೀದರಿಗೆ ಹೇಳಿದೆ, "ಹೆದರ್ಬೇಡಿ, ಹೊಡೀತಾಳೆ" ಎಂದರು.

ಮೊದಲನೆಯದು ಬೀಸಿದಳು, ತಪ್ಪಿತು. ಎರಡನೆಯದೂ ತಪ್ಪಿತು. ಮೂರನೆಯದಕ್ಕೆ ಮೈಯೆಲ್ಲ ತಿರುಗುವ ಹಾಗೆ ಬೀಸಿದಳು. ಡಬರಿಯ ಸದ್ದು ಬರಲಿಲ್ಲ.

ಮುಗಿಯಿತು! ನಾನು ಎದ್ದು ಮೈದಾನಕ್ಕೆ ಬೆನ್ನು ಹಾಕಿದೆ. ಸುತ್ತಲಿನವರೂ "ಛೇ, ಔಟು" ಎನ್ನುತ್ತ ಎದ್ದರು. ಹುಟ್ಟಿದಾಗಿನಿಂದ ಕ್ರಿಕೆಟ್ ನೋಡಿದ ಮಂದಿ ನಾವು, ಔಟಾದ ಮೇಲೆ ಅಲ್ಲಿ ನೋಡುವುದಕ್ಕೆ ಏನಿರುತ್ತದೆ? ಹಮೀದ್ ನನ್ನ ಭುಜ ಹಿಡಿದು, "ಇರ್ಲಿ ಬಿಡಿ, ಮಕ್ಕಳು. ಮುಂದಿನ ಸಲ ಉಂಟಲ್ಲ" ಎನ್ನುತ್ತಿದ್ದರು. ಮುಂದಿನ ಸಲ ಇಲ್ಲವೆಂದು ಅವರಿಗೆ ಹೇಗೆ ಹೇಳಲಿ?

ಅಷ್ಟರಲ್ಲಿ ಬೆನ್ನ ಹಿಂದೆ ಕೂಗೆದ್ದಿತು. ತಿರುಗಿದರೆ ಸಿಂಧು ಮೊದಲ ಮೂಲೆಯ ಮೇಲೆ ನಿಂತಿದ್ದಾಳೆ, ಮೂರನೇ ಮೂಲೆಯಲ್ಲಿದ್ದ ಹುಡುಗಿ ಒಳಗೆ ಬಂದಾಗಿದೆ, ನಮ್ಮ ನೀಲಿ ಅಂಗಿಯವರೆಲ್ಲ ಮೈದಾನಕ್ಕೆ ನುಗ್ಗುತ್ತಿದ್ದಾರೆ. ಆಮೇಲೆ ತಿಳಿದದ್ದು ಇಷ್ಟು: ಅಂಥ ಹೊತ್ತಿನಲ್ಲಿ ಮೂರನೇ ಚೆಂಡನ್ನು ಹಿಂದೆ ಕೂತ ಕೀಪರ್ ನೆಲಕ್ಕೆ ಬೀಳಿಸಿದರೆ ಹೊಡೆಯುವವಳು ಇನ್ನೂ ಔಟಲ್ಲ, ಓಡಬಹುದು; ಚೆಂಡಿಗಿಂತ ಮುಂಚೆ ಮೊದಲ ಮೂಲೆ ಮುಟ್ಟಿದರೆ ಉಳಿದಳು. ಚೆಂಡು ಕೀಪರ್ ಕೈಗೆ ತಾಗಿ ಹಿಂದಕ್ಕೆ ಉರುಳಿತ್ತು. ಸಿಂಧು ಓಡಿದ್ದಳು. ನಾವು ಮಾತ್ರ ನೋಡಿರಲಿಲ್ಲ.

ಬೇಲಿಯ ಹತ್ತಿರ ಬಂದವಳ ಮುಖದಲ್ಲಿ ಕೆಂಪು ಮಣ್ಣು, ಬೆವರು. "ನೋಡಿದ್ಯಾ ಅಪ್ಪಾ?"

ನೋಡಿದೆ ಎನ್ನಬಹುದಿತ್ತು. ಬಾಯಿಗೆ ಬರಲಿಲ್ಲ. "ಇಲ್ಲ ಕಣೆ. ಔಟು ಅಂತ ಎದ್ದುಬಿಟ್ಟೆ."

ಒಂದು ಗಳಿಗೆ ಬಾಯಿಬಿಟ್ಟು ನೋಡಿದಳು. ಆಮೇಲೆ ನಗಲು ಶುರುಮಾಡಿದಳು, ಬೇಲಿಯ ಕಂಬಿ ಹಿಡಿದು ಬಗ್ಗಿ ಬಗ್ಗಿ ನಕ್ಕಳು. ಆ ನಗು ಕೇಳಿ ಒಂದು ವರ್ಷವಾಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಟವೆಲ್ಲಿನಿಂದ ಒರೆಸಿಕೊಂಡೆ. ತಂಡದ ಹುಡುಗಿಯರು ಆಗಲೇ ರವೆ ಉಂಡೆ ಖಾಲಿ ಮಾಡಿದ್ದರಂತೆ. "ಅಮ್ಮಂಗೆ ಹೇಳು, ನಂಗೆ ಒಂದೂ ಸಿಗ್ಲಿಲ್ಲ ಅಂತ" ಎಂದಳು. ಫೋನಿನಲ್ಲಿ ಅದನ್ನು ಕೇಳಿದ ಸುಜಾತ ಕಪ್ ಗೆದ್ದ ಸುದ್ದಿಗಿಂತ ಹೆಚ್ಚು ಹಿಗ್ಗಿದಳು.

ಮರುದಿನ ಬೆಳಿಗ್ಗೆ ಜಂಕ್ಷನ್‌ಗೆ ಆಟೋ ಹಿಡಿದೆ. ಓಡಿಸುತ್ತಿದ್ದ ದಯಾನಂದ ಎಂಬಾತ ಮೀನುಗಾರರ ಮನೆಯವನು. "ಅಣ್ಣಂದಿರು ಬೋಟಿಗೆ ಹೋಗ್ತಾರೆ, ನನಗೆ ನೀರು ಕಂಡ್ರೆ ವಾಂತಿ" ಎಂದು ನಗಿಸಿದ. ಎಲ್ಲಿಗೆ ಬಂದದ್ದೆಂದು ಕೇಳಿದ, ಬೇಸ್‌ಬಾಲ್ ನೋಡಲು ಎಂದೆ.

"ಹೌದಾ! ನಿನ್ನೆ ನಾನೂ ಇದ್ದೆ. ಗೇಟಿನ ಹತ್ರ ಆಟೋದ ಮೇಲೆ ನಿಂತು ನೋಡಿದ್ದು. ಲಾಸ್ಟಿಗೆ ಆ ಹುಡುಗಿ ಓಡಿದ್ದು ನೋಡಿದ್ರಲ್ಲ ನೀವು?"

"ಇಲ್ಲ, ಹೊರಟುಬಿಟ್ಟಿದ್ದೆ."

"ಅಯ್ಯೋ, ಅದನ್ನೇ ಬಿಟ್ರಾ! ಎಂತ ಓಟ ಮಾರಾಯ್ರೇ! ಬಾಲ್ ತಪ್ಪಿತು ಅಲ್ವಾ, ಎಲ್ಲ ಎದ್ದೇಳ್ತಾ ಇದ್ದಾರೆ. ಅವಳು ಮಾತ್ರ ಬ್ಯಾಟ್ ಬಿಸಾಡಿ ಹೊರಟೇಬಿಟ್ಲು. ಹೆಲ್ಮೆಟ್ ಬಿತ್ತು, ತಿರುಗಿ ನೋಡ್ಲಿಲ್ಲ. ಆ ಕಡೆಯಿಂದ ಬಾಲ್ ಬರ್ತಾ ಉಂಟು, ಈ ಕಡೆಯಿಂದ ಇವಳು ಬರ್ತಾ ಇದ್ದಾಳೆ..."

ಅವಳು ನನ್ನ ಮಗಳೆಂದು ಹೇಳಲಿಲ್ಲ. ಹೇಳಿದರೆ ಅವನು ಕಥೆ ಬಿಟ್ಟು ಅಭಿನಂದನೆಗೆ ಇಳಿಯುತ್ತಿದ್ದ. ಸ್ಟೇಷನ್ ಬಂತು, ಆಟೋ ನಿಂತಿತು. ನಾನು ಇಳಿಯಲಿಲ್ಲ. ರೈಲಿಗೆ ಇನ್ನೂ ಹೊತ್ತಿತ್ತು.

"ಮೊದಲಿಂದ ಇನ್ನೊಂದು ಸಲ ಹೇಳಿ" ಎಂದೆ. "ಬ್ಯಾಟ್ ಬಿಸಾಡಿದಳು. ಆಮೇಲೆ?"