ಒಂದು ಮಾತು ಆಡಿ ಏಳ್ರಿ

ಅವರು ಫೋನಿನ ಪರದೆಯನ್ನು ಕಿರುಬೆರಳಿನ ಗೆಣ್ಣಿನಿಂದ ಸರಿಸುತ್ತಿದ್ದರು. ಉಳಿದ ಬೆರಳಿಗೆಲ್ಲ ಜೋಳದ ಹಿಟ್ಟು ಮೆತ್ತಿರುತ್ತಿತ್ತು. ಹುಮನಾಬಾದಿನಲ್ಲಿ ಅವರದೊಂದು ರೊಟ್ಟಿ ಕೇಂದ್ರ. ಹೆಂಗಸರು ಸಾಲಾಗಿ ಕೂತು ರೊಟ್ಟಿ ಬಡಿಯುವ ತಗಡಿನ ಖೋಲಿ. ನನಗೆ ಅವರು ರೊಟ್ಟಿ ಅಕ್ಕ. ನನ್ನ ಕತೆಗಳಿಗೆ ಇರುವವರು ಅವರೊಬ್ಬರೇ ಓದುಗರು ಎಂದು ಬಹಳ ದಿನ ನಾನು ತಿಳಿದಿದ್ದೆ.

ಕತೆ ಅಂದರೆ ದೊಡ್ಡದೇನಲ್ಲ. ನಾನು ಬಸವಕಲ್ಯಾಣದ ಮೆಡಿಕಲ್ ಅಂಗಡಿಯೊಂದರಲ್ಲಿ ಕೆಲಸ ಮಾಡುವವಳು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಫೋನಿನಲ್ಲಿ ಫ್ಯಾನ್ ಫಿಕ್ಷನ್ ಬರೆಯುತ್ತೇನೆ; ಅಂದರೆ ಟಿವಿ ಧಾರಾವಾಹಿಯ ಮಂದಿಯನ್ನು ಕರೆತಂದು, ನನ್ನದೇ ಕತೆ ಕಟ್ಟಿ, ಒಂದು ಆ್ಯಪಿಗೆ ಹಾಕುವುದು. ನಾವೆಲ್ಲ ನೋಡುತ್ತಿದ್ದ ಧಾರಾವಾಹಿಯಲ್ಲಿ ಒಬ್ಬ ವಿಧವೆ ಅತ್ತೆ ಇದ್ದಳು. ಒಂದು ದಿನ ಚೀಲ ಹಿಡಿದು ಮನೆ ಬಿಟ್ಟವಳು ಮತ್ತೆ ಬರಲೇ ಇಲ್ಲ. ಎಲ್ಲಿಗೆ ಹೋದಳು ಅಂತ ಯಾರೂ ಕೇಳಲಿಲ್ಲ. ಮರುದಿನವೇ ಮನೆಯವರು ಮದುವೆ ತಯಾರಿಗೆ ಬಿದ್ದರು. ನನಗೆ ಭಾರೀ ಸಿಟ್ಟು ಬಂತು. ಹೋದ ಅತ್ತೆಯ ಕತೆ ನಾನೇ ಬರೆಯತೊಡಗಿದೆ.

ಬೇರೆಯವರ ಪ್ರೇಮಕತೆಗಳ ಕೆಳಗೆ ಸಾಲುಸಾಲು ಹೊಗಳಿಕೆ. ನನ್ನದರ ಕೆಳಗೆ ಒಬ್ಬ "ನೆಕ್ಸ್ಟ್ ಪಾರ್ಟ್ ಬೇಗ" ಅಂದ, ಇನ್ನೊಬ್ಬಳು "ಹೀರೋ ಎಲ್ಲಿ?" ಅಂದಳು, ಅಷ್ಟೇ. ಪುಕ್ಕಟೆ ಬರೆಯುವವರಿಗೆ ಓದಿದವರ ಒಂದು ಮಾತೇ ಎಲ್ಲ. ಅದೂ ಇಲ್ಲವೆಂದರೆ ಯಾವ ಕರ್ಮಕ್ಕೆ ಬರೆಯಬೇಕು? ನಿಲ್ಲಿಸಿಬಿಡೋಣ ಅಂದುಕೊಂಡಿದ್ದಾಗ, ರೊಟ್ಟಿಯ ಫೋಟೋ ಇಟ್ಟುಕೊಂಡ ಯಾರೋ ಒಂದು ಕಾಮೆಂಟ್ ಹಾಕಿದರು:

"ಅತ್ತಿ ಹೋಗಿದ್ದು ಚಲೋ ಆತು ಏನ್ ಚಲೋ ಆತು ಒಬ್ಬಾಕಿ ಹೆಣ್ಮಗಳು ಎಲ್ಲಿ ಹೋಗಬೇಕು ಆಕಿ ಕೈಯಾಗ ಕಸಬು ಅದ ಹೋಗ್ಲಿ ಬಿಡು ಬೆಂಕಿ ಸಣ್ಣ ಮಾಡವ್ವ ರೊಟ್ಟಿ ಕರ್ರಗ ಆಗಾಕತ್ತದ"

ಮೈಯೆಲ್ಲ ಉರಿಯಿತು. ಹೂಂ ಅನ್ನುವವಳೂ ಈಕೆಯೇ, ಊಹೂಂ ಅನ್ನುವವಳೂ ಈಕೆಯೇ, ಮೇಲೆ ನಮ್ಮ ಅತ್ತೆಯ ಗೋಳಿನ ನಡುವೆ ಈಕೆಯ ರೊಟ್ಟಿ! ಚೇಷ್ಟೆ ಮಾಡುತ್ತಿದ್ದಾಳೆಂದುಕೊಂಡು, "ಓದೋದಿದ್ರ ನೆಟ್ಟಗ ಓದ್ರಿ, ಇಲ್ಲಂದ್ರ ಬಿಡ್ರಿ" ಎಂದು ಬರೆದೆ. ಅವರು ಬಿಡಲಿಲ್ಲ. ಪ್ರತಿ ಭಾಗಕ್ಕೂ ಅಂಥದೇ ಕಲಸುಮೇಲೋಗರ. ನಾನೂ ಪ್ರತಿ ಸಲ ಸಿಡುಕುತ್ತಿದ್ದೆ. ಕಡೆಗೊಂದು ದಿನ ಬರೆದರು: "ತಂಗೀ, ಸಿಟ್ಟ ಬ್ಯಾಡ. ಹುಮನಾಬಾದಕ್ಕ ನಮ್ಮ ರೊಟ್ಟಿ ಕೇಂದ್ರಕ್ಕ ಬಾ. ಯಾರ್ ಏನ್ ಅಂದ್ರು ನೀನೇ ನೋಡು."

ಹೋದೆ. ರೊಟ್ಟಿ ಬಡಿಯುವ ಸದ್ದು ಗಲ್ಲಿಯ ತುದಿಗೇ ಕೇಳುತ್ತಿತ್ತು. ಒಳಗೆ ಅಕ್ಕ ಹಿಟ್ಟು ನಾದುವುದನ್ನು ಬಿಟ್ಟು, ಫೋನನ್ನು ಡಬ್ಬಿಗೆ ಆನಿಸಿಕೊಂಡು, ಗೆಣ್ಣಿನಿಂದ ಸರಿಸುತ್ತ ನನ್ನ ಕತೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಹೆಂಗಸರು ಬಡಿತ ನಿಧಾನ ಮಾಡಿ ಕೇಳುತ್ತಿದ್ದರು. ಭಾಗ ಮುಗಿಯಿತು. ಅಕ್ಕ ಮೈಕಿನ ಗುರುತು ಒತ್ತಿ ಫೋನನ್ನು ನಡುವೆ ಇಟ್ಟು, "ಹೂಂ, ಹೇಳ್ರಿ" ಅಂದರು. ಎಲ್ಲರೂ ಒಮ್ಮೆಲೇ ಹೇಳಿದರು. ಅತ್ತೆಯ ಪರ, ಅತ್ತೆಯ ವಿರುದ್ಧ, ನಡುವೆ ಯಾರೋ ನೀರು ಕೇಳಿದ್ದು, ಎಲ್ಲವನ್ನೂ ಫೋನು ಒಂದೇ ಉಸಿರಿನಲ್ಲಿ ಬರೆದುಕೊಂಡಿತು. ಅಯ್ಯೋ ಶಿವನೇ, ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಒಬ್ಬ ಓದುಗಾರ್ತಿ ಒಂದು ಇಡೀ ಖೋಲಿಯಾಗಿದ್ದಳು.

"ಇಷ್ಟೆಲ್ಲಾ ಯಾಕ್ರಿ ಅಕ್ಕಾ? ಲೈಕ್ ಒತ್ತಿದ್ರ ಸಾಕಿತ್ತಲ್ರಿ" ಅಂದೆ.

"ಮಂದಿ ಮನ್ಯಾಗ ಉಂಡು ಬರೇ ತಲಿ ಅಲ್ಲಾಡ್ಸಿ ಎದ್ದು ಬರ್ತೀಯೇನು? ಉಪ್ಪು ಕಮ್ಮಿ ಆಗ್ಯಾದ ಅಂತಾದ್ರೂ ಅನಬೇಕು. ಅದಕ್ಕ ಇವರಿಗಿ ಹೇಳ್ತೀನಿ, ಕೇಳಿದ ಮ್ಯಾಲ ಒಂದು ಮಾತು ಆಡಿ ಏಳ್ರಿ ಅಂತ."

ಒಬ್ಬ ಹುಡುಗಿ, "ಮುಂದಿಂದು ಲಗೂನ ಹಾಕ್ರಿ" ಅಂದಳು. ಅಕ್ಕ ಗದರಿದರು. "ಅವಸರ ಮಾಡಬ್ಯಾಡ. ಆಕಿಗೂ ಮನಿ ಅದ, ಅಂಗಡಿ ದಗದ ಅದ."

ಅಕ್ಕ ನನ್ನನ್ನು ಬಸ್ಸಿಗೆ ಬಿಡಲು ಬಂದಾಗ, ಕತೆ ನಿಲ್ಲಿಸಬೇಕೆಂದಿದ್ದೆ ಎಂದು ಬಾಯಿಬಿಟ್ಟೆ. ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡರು.

"ನಾನೂ ಹಿಂಗೇ ಒಂದು ಚೀಲ ಹಿಡಕೊಂಡು ದುಬಲಗುಂಡಿಯಿಂದ ಬಸ್ ಹತ್ತಿದಾಕಿ ತಂಗೀ, ಗಂಡ ಸತ್ತ ಮ್ಯಾಲ. ಎಲ್ಲಿಗಿ ಹೊಂಟೀ ಅಂತ ಒಬ್ರೂ ಕೇಳಲಿಲ್ಲ. ನೀ ಕೇಳಾಕತ್ತಿ. ಅತ್ತಿಗಿ ಒಂದು ಮನಿ ಮಾಡಿಕೊಡದ ಬಿಡಬ್ಯಾಡ."

ಆಮೇಲೆ ನಾನು ಬಿಡಲಿಲ್ಲ. ಚೆನ್ನಾಗಿಲ್ಲದಾಗ ಅಕ್ಕ "ಈ ಭಾಗ ಹಸಿ ಅದ" ಅಂತ ಮುಖಕ್ಕೇ ಹೇಳುತ್ತಿದ್ದರು. ಕೇಳಿ ಮುಖ ಉಬ್ಬಿಸಿಕೊಂಡು, ಮತ್ತೆ ಬರೆಯುತ್ತಿದ್ದೆ. ಹಾಗೆ ಜಗಳಾಡಿಕೊಂಡೇ ಅತ್ತೆಯನ್ನು ಊರೂರು ದಾಟಿಸಿದೆವು.

ಹೋದ ಚಳಿಗಾಲ ಅಕ್ಕನಿಗೆ ಎದೆನೋವು ಬಂತು. ದವಾಖಾನೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟರು. ಕತೆಯ ಕೊನೆಯ ಭಾಗ ಬಾಕಿ ಇತ್ತು. ತಿಂಗಳುಗಟ್ಟಲೆ ಒಂದಕ್ಷರ ಬರೆಯಲಾಗಲಿಲ್ಲ. ನನ್ನ ಸ್ವಂತ ಅಕ್ಕ ಹೋದಷ್ಟೇ ಸಂಕಟ. ಕಡೆಗೆ ಬರೆದೆ: ಅತ್ತೆ ತನ್ನದೇ ಬಾಗಿಲಿಗೆ ತಾನೇ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಂತೆಗೆ ಹೋಗುತ್ತಾಳೆ.

ಅದನ್ನು ಆ್ಯಪಿಗೆ ಹಾಕಿ, ಹುಮನಾಬಾದಿಗೆ ಹೋಗಿ, ಅದೇ ಡಬ್ಬಿಗೆ ಫೋನು ಆನಿಸಿ ನಾನೇ ಓದಿದೆ. ಮುಗಿದಾಗ ಯಾರೂ ಮಾತಾಡಲಿಲ್ಲ. ನಾನೂ ಏಳಲಿಲ್ಲ. ಕೊನೆಗೆ ಎಲ್ಲರಿಗಿಂತ ಹಿರಿಯಾಕೆ ಅಕ್ಕನ ಫೋನು ತಂದು ಮೈಕು ಒತ್ತಿ ನಡುವೆ ಇಟ್ಟರು. ಅಷ್ಟರಲ್ಲಿ ನಾನು ಅಳು ತಡೆಯಲಾಗದೆ ಹೊರಗೆ ಬಂದುಬಿಟ್ಟೆ.

ಬಸವಕಲ್ಯಾಣದ ಬಸ್ಸಿನಲ್ಲಿ ಕೂತಾಗ ಫೋನಿನಲ್ಲಿ ರೊಟ್ಟಿಯ ಫೋಟೋ ಕಂಡಿತು. ಕಾಮೆಂಟ್ ಬಂದಿತ್ತು:

"ಹೇಳ್ರೇ ಸುಮ್ನ ಕುಂತ್ರ ಆಕಿ ಬೈತಾಳ ಅತ್ತಿಗಿ ಮನಿ ಆತು ಚಲೋ ಆತು ಕೀಲಿ ಆಕಿ ಕಡೇ ಇರ್ಲಿ ಅಕ್ಕ ಇರಬೇಕಿತ್ತು ಅಳಬ್ಯಾಡ ಸುಮ್ಕಿರು ಉಪ್ಪು ಸರಿ ಅದ ತಂಗೀ ಇನ್ನೊಂದು ಕತಿ ಯಾವಾಗ ಅವಸರ ಮಾಡಬ್ಯಾಡ ಅಂದಿದ್ಲಲ್ಲ ಬೆಂಕಿ ಸಣ್ಣ ಮಾಡವ್ವ"