ಮಲ್ಲಿಗೆಯ ಬುಡದ ಗುಂಡುಕಲ್ಲು

ಆಗೆಲ್ಲ ಅಫಜಲಪುರದ ನಮ್ಮ ಓಣಿಯ ಮನೆಗಳಿಗೆ ಕಂಪೌಂಡು ಇರಲಿಲ್ಲ. ಹೊಸ್ತಿಲು ದಾಟಿದರೆ ಕಟ್ಟೆ, ಕಟ್ಟೆ ಇಳಿದರೆ ಗಟಾರ, ಅದರಾಚೆ ರಸ್ತೆ. ಕಟ್ಟೆಗೂ ಗಟಾರಕ್ಕೂ ನಡುವಿನ ಮೊಳದಷ್ಟು ಮಣ್ಣು ಯಾರದೆಂದು ಯಾರೂ ಕೇಳುತ್ತಿರಲಿಲ್ಲ. ಅಲ್ಲಿ ನಮ್ಮ ಸೋದರತ್ತೆಯ ದುಂಡುಮಲ್ಲಿಗೆ ಇತ್ತು.

ಗಂಡ ತೀರಿಕೊಂಡ ಮೇಲೆ ಅತ್ತೆ ಅತನೂರಿನಿಂದ ತವರಿಗೆ ತಂದದ್ದು ಒಂದು ಟ್ರಂಕು ಮತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿದ ಆ ಗಿಡದ ಕಡ್ಡಿ. ಟ್ರಂಕಿನ ಸೀರೆಗಳನ್ನು ಹಂಚಿಬಿಟ್ಟಳು. ಗಿಡವೊಂದನ್ನೇ ತನ್ನದು ಎನ್ನುತ್ತಿದ್ದಳು. ತಾನು ಮುಡಿಯುತ್ತಿರಲಿಲ್ಲ, ಸಂಜೆ ಮಾಲೆ ಕಟ್ಟಿ ಓಣಿಯ ಹುಡುಗಿಯರಿಗೆಲ್ಲ ಮುಡಿಸುತ್ತಿದ್ದಳು. ಕುಂಟಾಟ ಆಡಿ ಬೆವೆತ ನಮ್ಮ ಜಡೆಗಳ ಮಲ್ಲಿಗೆ ವಾಸನೆ ಹೊದೆಯುವ ಕೌದಿಗೂ ಹತ್ತುತ್ತಿತ್ತು.

ಒಂದು ಬೇಸಿಗೆಯಲ್ಲಿ ಪುರಸಭೆಯವರು ಗಟಾರ ಅಗಲ ಮಾಡಲು ಬಂದರು. ಟೇಪು ಹಿಡಿದ ಸಾಹೇಬರು ಗಿಡದ ಈಚೆಗೆ ಸುಣ್ಣದ ಗೆರೆ ಎಳೆಸಿದರು.

“ಅಕ್ಕೋರ, ಈ ಜಾಗಾ ರಸ್ತಾದ್ದು. ನಾಳಿ ಮುಂಜಾನಿ ಆಳು ಬರ್ತಾರ. ಗಿಡಾ ತಗೀಬೇಕಾಗ್ತದ್ರಿ.”

“ಹೂ ಬಿಡೂ ಹೊತ್ತಿನ್ಯಾಗ ಕಿತ್ರ ಬದಕಂಗಿಲ್ರಿ ಸಾಹೇಬ್ರ. ಮಳಿಗಾಲತನಕಾ ಬಿಡ್ರಿ,” ಎಂದಳು ಅತ್ತೆ.

“ಎಲ್ಲಾರ ಮನಿ ಮುಂದೂ ಒಂದೇ ಲೆಕ್ಕರಿ. ಗುಡಿ ಇದ್ರ ಸುತ್ತ ಹಾಕ್ಕೊಂಡು ಹೋಗ್ತಿದ್ವಿ. ಗಿಡಕ್ಕ ಹ್ಯಾಂಗ ಬಿಡ್ಲಿ?”

ಪಾಪ, ಅವರು ಮಾತಿಗೆ ಅಂದರು. ಅತ್ತೆ ಅದನ್ನು ಮನಸ್ಸಿಗೆ ತೆಗೆದುಕೊಂಡಳು.

ಮರುದಿನ ಬೆಳಗಾಗುತ್ತಲೇ ನನ್ನನ್ನು ಎಬ್ಬಿಸಿ, ಅಡುಗೆಮನೆಯ ಒಳ್ಳಿನಲ್ಲಿ ಕುಟ್ಟುವ ಗುಂಡುಕಲ್ಲು ತರಹೇಳಿದಳು. ಹಿಂದಿನ ದಿನ ಅದರಿಂದಲೇ ಬೆಳ್ಳುಳ್ಳಿ ಹಾಕಿ ಶೇಂಗಾದ ಚಟ್ನಿ, ನಮ್ಮ ಕಡೆಯ ಹಿಂಡಿ, ಕುಟ್ಟಿದ್ದರು. ಎದೆಗವಚಿಕೊಂಡು ತಂದೆ, ಬೆಳ್ಳುಳ್ಳಿ ಘಮ್ಮೆನ್ನುತ್ತಿತ್ತು. ಅತ್ತೆ ಅದನ್ನು ಗಿಡದ ಬುಡದಲ್ಲಿ ಅರ್ಧ ಹುಗಿದು, ಅರಿಶಿನ ಬಳಿದು, ಕುಂಕುಮ ಇಟ್ಟಳು.

“ಯಾರ ಮುಂದೂ ಬಾಯಿ ಬಿಡಬ್ಯಾಡ ಬೇ. ನನ್ನ ಮ್ಯಾಲ ಆಣಿ.”

ಲಿಂಗ ಕಟ್ಟಿದ ಮನೆ ನಮ್ಮದು. ಅಂಗೈಯ ಲಿಂಗ ಬಿಟ್ಟು ಬೇರೆ ಕಲ್ಲಿಗೆ ಕೈಮುಗಿಯದ ನಮ್ಮ ಅಜ್ಜ, ಮುತ್ಯಾ, ಕಟ್ಟೆಗೆ ಬಂದು ನೋಡಿದ. “ಇದು ಯಾವಾಗಿಂದ ಅದಾ?” ಎಂದು ಮಗಳನ್ನು ಕೇಳಿದ. ಅತ್ತೆ ಕೈಯ ಅರಿಶಿನ ಸೆರಗಿಗೆ ಒರೆಸಿಕೊಂಡಳು. ಅಂದಿನಿಂದ ಮುತ್ಯಾ ತನ್ನ ಪೂಜೆಗೆ ಆ ಗಿಡದ ಹೂ ಮುಟ್ಟಲಿಲ್ಲ.

ಆಳುಗಳು ಬಂದರು, ಚಪ್ಪಲಿ ಬಿಟ್ಟು ಕೈಮುಗಿದರು, ಗಟಾರವನ್ನು ಆಚೆಗೆ ತಿರುಗಿಸಿದರು. ನಾನು ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಿದ್ದೆ. ತಾನೊಂದು ನೆನೆದರೆ ದೈವವೊಂದು ನೆನೆಯುತ್ತದೆ ಅನ್ನುತ್ತಾರೆ. ನಮ್ಮ ದೈವದ ಬೆಳ್ಳುಳ್ಳಿ ವಾಸನೆಯೇ ಇನ್ನೂ ಹೋಗಿರಲಿಲ್ಲ.

ಓಣಿಯ ಹೆಂಗಸರು ಒಂದು ಅಮಾವಾಸ್ಯೆಗೆ ಎಣ್ಣೆ ಹಾಕಿದರು, ಮುಂದಿನದಕ್ಕೆ ಕಾಯಿ ಒಡೆದರು. ಕೂಸಿನ ಜ್ವರ ಇಳಿಯಿತೆಂದು ಒಬ್ಬಾಕೆ ಹಾಲೆರೆದಳು. ದೇವರ ಗಿಡದ ಹೂ ಯಾರೂ ಮುಡಿಯಬಾರದೆಂದಾಯಿತು. ನಮ್ಮ ಜಡೆಗಳು ಬರಿದಾದವು. ಯಾರೋ ಪುಣ್ಯಾತ್ಮರು ಬುಡದ ಸುತ್ತ ಸಿಮೆಂಟು ಹಾಕಿಸಿದರು. ಎಣ್ಣೆ, ಹಾಲು ಕುಡಿದು ಯಾವ ಮಲ್ಲಿಗೆ ಬದುಕುತ್ತದೆ? ಎರಡು ಬೇಸಿಗೆ ಕಳೆಯುವುದರೊಳಗೆ ಒಣಗಿ ಕಡ್ಡಿಯಾಯಿತು.

“ಖರೇ ಹೇಳಿಬಿಡೂಣು ಅತ್ತಿ,” ಎಂದೆ.

“ಈಗ ಹ್ಯಾಂಗ ಹೇಳೂದು ಬೇ? ಅದು ಕೇಳಾಕತ್ತದ,” ಎಂದು ಪಿಸುಗುಟ್ಟಿದಳು. ತಾನೇ ಹುಗಿದ ಕಲ್ಲಿಗೆ ಅವಳು ಹೆದರತೊಡಗಿದ್ದಳು. ಆ ಮಾತು ಕೇಳಿದ ಮೇಲೆ ನಾನೂ ಕಟ್ಟೆಯ ಮೇಲೆ ಆ ಕಲ್ಲಿಗೆ ಬೆನ್ನು ಮಾಡಿ ಕೂರಲಿಲ್ಲ.

ಆಮೇಲೆ ದಿನಾ ಅವಳೇ ದೀಪ ಹಚ್ಚಿದಳು. ಹಾಸಿಗೆ ಹಿಡಿದಾಗ ನನ್ನ ಕೈಹಿಡಿದು, “ತಪ್ಪಾತಂತ ಹೇಳಿ ಬಾ,” ಎಂದಳು. ಹೋದೆ. ಒಣಗಿದ ಗಿಡಕ್ಕೆ ಹೇಳಬೇಕೋ ಕಲ್ಲಿಗೋ ತಿಳಿಯದೆ ಸುಮ್ಮನೆ ನಿಂತು ಬಂದೆ. ಹೇಳಿದೆ ಎಂದು ಅವಳಿಗೆ ಸುಳ್ಳಾಡಿದೆ. ಅದು ಈಗಲೂ ನನ್ನನ್ನು ಕಾಡುತ್ತದೆ.

ಈಗ ಅಲ್ಲಿ ಟೈಲ್ಸ್ ಹಾಕಿದ ಗುಡಿ, ಕಬ್ಬಿಣದ ಬಾಗಿಲು. ಅತ್ತೆ ಇಲ್ಲ, ಮುತ್ಯಾ ಇಲ್ಲ, ಓಣಿಯ ಯಾವ ಮನೆ ಮುಂದೂ ಹೂವಿನ ಗಿಡವಿಲ್ಲ. ಊರಿಗೆ ಹೋದಾಗ ನಾನೂ ಚಪ್ಪಲಿ ಬಿಟ್ಟು ಕಲ್ಲಿಗೆ ಹಣೆ ಹಚ್ಚುತ್ತೇನೆ. ನೋಡಿದವರಿಗೆ ಅದು ಭಕ್ತಿ. ನಾನು ಉಸಿರೆಳೆದು ಬೆಳ್ಳುಳ್ಳಿ ವಾಸನೆ ಹುಡುಕುತ್ತಿರುತ್ತೇನೆ. ಕರ್ಪೂರ, ಎಣ್ಣೆಯ ವಾಸನೆ ಬಿಟ್ಟು ಏನೂ ಬರುವುದಿಲ್ಲ.

ಹೋದ ಸಲ ಓಣಿಯ ಹೊಸ ಸೊಸೆಯೊಬ್ಬಳು ಪಕ್ಕದಲ್ಲಿ ನಿಂತು ಕೇಳಿದಳು: “ಈ ದೇವ್ರು ಯಾವಾಗಿಂದ ಅದಾರಿ?”

ಇಲ್ಲೊಂದು ಮಲ್ಲಿಗೆ ಇತ್ತು ಎಂದು ಹೇಳಲು ಬಾಯಿ ತೆರೆದೆ. ಕಲ್ಲು ಕೇಳುತ್ತಿತ್ತು.

“ಮೊದಲಿಂದನೂ ಅದಾ, ಯವ್ವಾ,” ಎಂದೆ.